ವಿಕಟಕವಿ ಕೆಡಿಸಿದ ಪಾಠ

ಸಂಜೆ ತರಗತಿಯಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು, ಒಂದಿಬ್ಬರು ಹಗಲು ದುಡಿದು ಸಂಜೆ ಕಲಿಯುವವರು. ಅದೇ ಪಾಠವನ್ನು ಹೇಳಿ ಹೇಳಿ ನನಗೆ ಕೆಲವು ಮಾತುಗಳು ಗಿಳಿಪಾಠವಾಗಿಬಿಟ್ಟಿದ್ದವು. ಅವುಗಳಲ್ಲೊಂದು: 'ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲು, ಹೂವು ಪೋಣಿಸಿದ ಹಾಗೆ.'

ಅಂದು ಕೊಟ್ಟ ಅಭ್ಯಾಸ ಸುಲಭದ್ದು. ಹಿಂದಿನಿಂದ ಓದಿದರೂ ಅದೇ ಬರುವ ಪದವನ್ನು ಗುರುತಿಸಬೇಕು. ಪೈಥಾನ್ ಮೂರನೇ ಆವೃತ್ತಿಯಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಾದ್ದರಿಂದ ಒಂದೇ ಸಾಲು ಸಾಕಾಗಿತ್ತು: ಪದ == ಪದ[::-1]. ಪದವೂ ಅದನ್ನು ತಿರುಗಿಸಿದ್ದೂ ಒಂದೇನಾ ಎಂದು ಕೇಳುವ ಸಾಲು ಇದು. ನಯನ ಸರಿ ಬಂತು. ಕನಕ, ಸರಸ ಕೂಡ. ಹಿಂದಿನ ಬೆಂಚಿನ ಹುಡುಗನೊಬ್ಬ ವಿಕಟಕವಿ ಎಂದು ಕೊಟ್ಟ. ಯಂತ್ರ ಅಲ್ಲ ಎಂದಿತು.

'ಟೈಪಿಂಗ್ ತಪ್ಪಿರಬೇಕು' ಎಂದೆ. ಮತ್ತೆ ಬರೆದ, ಮತ್ತೆ ಅದೇ. 'ಕನ್ನಡ ಅಲ್ಲವೇ, ಕಂಪ್ಯೂಟರಿಗೆ ಅಷ್ಟು ಒಗ್ಗುವುದಿಲ್ಲ' ಎಂದು ಜಾರಿಕೊಂಡೆ. ಇಂದಿಗೂ ನಾಚಿಕೆಯಾಗುವುದು ಈ ಮಾತಿಗೆ. ತಪ್ಪು ಕಂಪ್ಯೂಟರಿನದೂ ಅಲ್ಲ, ಕನ್ನಡದ್ದೂ ಅಲ್ಲ.

ಈ ಗಂಟು ಬಿಡಿಸಿದವಳು ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ) ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಅಷ್ಟರಲ್ಲಿ 'ಕನ್ನಡ' ಎಂಬ ಪದದ ಉದ್ದ ಕೇಳಿ ನೋಡಿದ್ದಳು. ಉತ್ತರ 5. 'ಸರ್, ನುಡಿ ಟೈಪಿಂಗ್ ತಂತ್ರಾಂಶದಲ್ಲಿ ಇದಕ್ಕೆ ಐದು ಕೀಲಿಯೇ ಒತ್ತುವುದು. ಕ, ನ, ಒತ್ತಿಗೆ ಎಫ್, ಇನ್ನೊಂದು ನ, ಡ' ಎಂದು ಬೆರಳು ಮಡಿಸಿ ಎಣಿಸಿದಳು. ನಾನು ಬೋರ್ಡಿನ ಮುಂದೆ ಸುಮ್ಮನೆ ನಿಂತೆ.

ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ಹಾಕಿ ವಿಕಟಕವಿಯನ್ನು ಸಾಲಿಗೊಂದರಂತೆ ಮುದ್ರಿಸಿದೆವು. ಐದಲ್ಲ, ಏಳು ಸಾಲು. ವ ಒಂದು, ಅದರ ಗುಡಿಸು, ಅಂದರೆ ಇಕಾರದ ಚಿಹ್ನೆ, ಇನ್ನೊಂದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿ ವ ಅಕ್ಷರಕ್ಕೆ 3253, ಗುಡಿಸಿಗೆ 3263 ಎಂದು ಬೇರೆ ಬೇರೆ ಸಂಖ್ಯೆ ಕೊಟ್ಟಿದೆ, ಪೈಥಾನ್ ಎಣಿಸುವುದು ಆ ಸಂಖ್ಯೆಗಳನ್ನು. ತಿರುಗಿಸಿದಾಗ ಕೊನೆಯ ಗುಡಿಸು ಮೊದಲಿಗೆ ಬಂದು ಆಸರೆಯಿಲ್ಲದೆ ಚುಕ್ಕಿ ವೃತ್ತದ ಮೇಲೆ ಕೂತಿತ್ತು. ಮೊದಲಿನದು ಹೋಗಿ ಕ ಅಕ್ಷರಕ್ಕೆ ಅಂಟಿಕೊಂಡು 'ಕಿ' ಆಗಿತ್ತು.

ಹಾಗಾದರೆ ಒಂದು ಅಕ್ಷರ ಎಂದರೆ ಎಷ್ಟು? ಇದನ್ನು ನಾನು ಹೇಳಿಕೊಡಬೇಕಾಗಿಯೇ ಬರಲಿಲ್ಲ. ಹೈಸ್ಕೂಲಿನಲ್ಲಿ ಲಘು ಗುರು ಗುರುತಿಸಿ ಪ್ರಸ್ತಾರ ಹಾಕಿದ ಮಕ್ಕಳು, ಎಲ್ಲಿ ಕತ್ತರಿಸಬೇಕೆಂದು ಅವರಿಗೆ ಗೊತ್ತಿತ್ತು. ಗುಣಿತದ ಚಿಹ್ನೆಯೋ ಅನುಸ್ವಾರವೋ ಅರ್ಧಾಕ್ಷರದ ಗುರುತೋ ಬಂದರೆ ಹಿಂದಿನ ತುಂಡಿಗೆ ಅಂಟಿಸು. ಅರ್ಧಾಕ್ಷರದ ಗುರುತಿನ ಬೆನ್ನಿಗೆ ವ್ಯಂಜನ ಬಂದರೆ ಅದನ್ನೂ ಅಂಟಿಸು. ಉಳಿದದ್ದೆಲ್ಲ ಹೊಸ ತುಂಡು. ಇಫ್ (ಷರತ್ತು), ಲೂಪ್, ಲಿಸ್ಟ್ (ಪಟ್ಟಿ) ಮೂರೂ ಅದರಲ್ಲೇ ಬಂದವು. ಅವಕ್ಕೆ ನಾನು ಮೂರು ದಿನ ತೆಗೆದಿಟ್ಟಿದ್ದೆ. ವಿಕಟಕವಿ ಐದು ತುಂಡಾಗಿ ಪಾಸಾಯಿತು, 'ಕುಬೇರನಿಗೇನಿರಬೇಕು' ಒಂಬತ್ತಾಗಿ.

ಆಮೇಲೆ ನನ್ನ ಗಿಳಿಪಾಠಗಳನ್ನೆಲ್ಲ ಒಮ್ಮೆ ಕೊಡವಿ ನೋಡಿದೆ. ವೇರಿಯಬಲ್, ಅಂದರೆ ಪ್ರೋಗ್ರಾಂನಲ್ಲಿ ಮಾಹಿತಿಗೆ ಇಡುವ ಹೆಸರು, ಒಂದು ಡಬ್ಬಿ ಎನ್ನುತ್ತಿದ್ದೆ. ಒಂದು ಪಟ್ಟಿಗೆ ಎರಡು ಹೆಸರಿಟ್ಟು, ಒಂದು ಹೆಸರಿನಿಂದ ಏನಾದರೂ ಸೇರಿಸಿದರೆ ಇನ್ನೊಂದರಲ್ಲೂ ಕಾಣುತ್ತದೆ. ಎರಡು ಡಬ್ಬಿಗಳಾಗಿದ್ದರೆ ಹಾಗಾಗುವುದು ಹೇಗೆ? ಈಗ ಬೇರೆ ಹೇಳುತ್ತೇನೆ: ಮನೆಯಲ್ಲಿ ಚಿನ್ನು, ಶಾಲೆಯಲ್ಲಿ ಚೈತ್ರಾ. ಚಿನ್ನುವಿಗೆ ಜ್ವರ ಬಂದರೆ ಶಾಲೆಗೆ ರಜೆ ಹಾಕುವವಳು ಚೈತ್ರಾ. ಇದೂ ಎಲ್ಲೋ ಮುರಿಯುತ್ತದೆ, ಬಲ್ಲೆ. ಆದ್ದರಿಂದ ಹೋಲಿಕೆ ಕೊಟ್ಟ ಕೂಡಲೇ 'ಇದು ತಪ್ಪಾಗುವ ಉದಾಹರಣೆ ಹುಡುಕಿ ತನ್ನಿ' ಎಂದು ಮನೆಗೆಲಸ ಕೊಡುತ್ತೇನೆ. ರನ್ ಮಾಡುವ ಮೊದಲು ಉತ್ತರವನ್ನು ಊಹಿಸಿ ಬರೆದಿಡಬೇಕು, ಇದು ಇನ್ನೊಂದು ನಿಯಮ. ಬರೆದಿಡದವರು ರನ್ ಆದ ಮೇಲೆ 'ನಾನೂ ಹಾಗೇ ಅಂದುಕೊಂಡಿದ್ದೆ' ಎನ್ನುತ್ತಾರೆ.

ಡಿಟಿಪಿ ಹುಡುಗಿ ಮರುದಿನವೇ ನಮ್ಮ ನಿಯಮ ಮುರಿಯುವ ಪದ ತಂದಳು: ರಾಜ್‌ಕುಮಾರ್. ನಮ್ಮ ಪ್ರೋಗ್ರಾಂ ಅದನ್ನು ಆರು ತುಂಡು ಮಾಡಿತ್ತು. ರಾ, ಜ್, ಕು, ಮಾ, ರ್. ಐದು ಕಣ್ಣಿಗೆ ಕಾಣುತ್ತಿದ್ದವು, ನಡುವೆ ಒಂದು ಸಾಲು ಖಾಲಿ. 'ಇದು ಯಾವ ಅಕ್ಷರ ಸರ್?' ಎಂದಳು. ಜ ಮತ್ತು ಕ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕೂರುವ, ಕಾಣದ ಸಂಜ್ಞೆಯೊಂದಿದೆ. ಆ ಸಂಜೆಯ ಪಾಠವನ್ನು ಬದಿಗಿಟ್ಟು ಅದರ ಸಂಖ್ಯೆ ಹುಡುಕಲು ಕುಳಿತೆವು.