ಸಮ್ಮೇಳನಕ್ಕೆ ಬಂದವರಿಗೆ ಮೈಸೂರು ತೋರಿಸೋದು
ಸಮ್ಮೇಳನಕ್ಕೆ ಬಂದವರನ್ನು ಊಟ ಆದಮೇಲೆ ಬಸ್ಸಿಗೆ ಹತ್ತಿಸಿ, ಎರಡೇ ಗಂಟೆಯಲ್ಲಿ ಇಡೀ ಮೈಸೂರು ತೋರಿಸಿಬಿಡಿ ಅಂತಾರೆ ಸಂಘಟಕರು. ಆಗೋ ಮಾತಲ್ಲ. ನಾನು ಅರಮನೆಗೇ ಜಾಸ್ತಿ ಹೊತ್ತು ಕೊಡುತ್ತೇನೆ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋದಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ್ದು ಇದು. ಕಲ್ಯಾಣ ಮಂಟಪಕ್ಕೆ ಕಾಲಿಟ್ಟ ತಕ್ಷಣ ಎಲ್ಲರ ಕತ್ತು ಮೇಲಕ್ಕೆ, ಬಣ್ಣದ ಗಾಜಿನ ನವಿಲುಗಳ ಕಡೆಗೆ. ಸರಿ, ನೋಡಲಿ. ಆಮೇಲೆ ಗೋಡೆಯ ದಸರಾ ಮೆರವಣಿಗೆ ಚಿತ್ರಗಳ ಮುಂದೆ ನಿಲ್ಲಿಸುತ್ತೇನೆ. ಹೋದ ಸಲ ಒಬ್ಬ ಹಿರಿಯರು ಕನ್ನಡಕ ಒರೆಸಿಕೊಂಡು, ಗುಂಪು ಮುಂದೆ ಹೋದರೂ ಕದಲದೆ, ಒಂದೊಂದೇ ಮುಖ ನೋಡುತ್ತಾ ನಿಂತುಬಿಟ್ಟರು. ನನಗೆ ಅಷ್ಟು ಸಾಕಾಯಿತು. ಆಮೇಲೆ ದೇವರಾಜ ಮಾರುಕಟ್ಟೆ, ಮಲ್ಲಿಗೆ ವಾಸನೆ, ಕುಂಕುಮದ ಗುಡ್ಡೆಗಳು. ಸಂಘಟಕರೇ, ಸಾಧ್ಯವಾದರೆ ಈ ಸುತ್ತಾಟ ಭಾನುವಾರವೇ ಇಟ್ಟುಕೊಳ್ಳಿ, ಆ ದಿನ ಸಂಜೆ ಅರಮನೆಯ ದೀಪ ಒಟ್ಟಿಗೇ ಹತ್ತೋದನ್ನು ಅವರೂ ನೋಡಬೇಕಲ್ವಾ?