ಕಾರಿಗೆ ಸಾಲವೋ, ಕೈಯಲ್ಲಿರುವ ದುಡ್ಡೋ?

ಆಯುಧಪೂಜೆ ಹತ್ತಿರವಾದಂತೆ ನನಗೆ ಬರುವ ಫೋನುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯವು. "ಹೊಸ ಕಾರು ತೆಗೆದುಕೊಳ್ಳುತ್ತಿದ್ದೇವೆ. ದುಡ್ಡು ಇದೆ. ಆದರೂ ಶೋರೂಮಿನವರು ಸಾಲ ಮಾಡಿ ಎನ್ನುತ್ತಿದ್ದಾರೆ. ಏನು ಮಾಡೋಣ?" ಶಿವಮೊಗ್ಗ ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ, ಸಾಲದ ಮೇಜಿನ ಹಿಂದೆಯೇ ನನ್ನ ನೌಕರಿಯ ಹೆಚ್ಚಿನ ವರ್ಷಗಳು ಕಳೆದವು. ನಿವೃತ್ತನಾದ ಮೇಲೂ ಜನ ಕೇಳುವುದನ್ನು ಬಿಟ್ಟಿಲ್ಲ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಡುವುದಕ್ಕಿಂತ ಒಮ್ಮೆ ಪೂರ್ತಿ ಬರೆದಿಡುವುದು ಮೇಲು ಎನಿಸಿತು.

ನನ್ನ ಅಕ್ಕನ ಮಗ ತಂದ ಒಂದು ಕಾಗದದಿಂದ ಶುರು ಮಾಡುತ್ತೇನೆ. "ಮಾವ, ನನ್ನ ಹತ್ತಿರ ಎಂಟು ಲಕ್ಷದ ಠೇವಣಿ ಇದೆಯಲ್ಲ, ಅದನ್ನು ಮುರಿಸಬೇಡಿ, ಸಾಲ ಮಾಡಿದರೆ ನಿಮಗೇ ಲಾಭ ಎಂದು ಶೋರೂಮಿನಲ್ಲಿ ಲೆಕ್ಕ ಬರೆದುಕೊಟ್ಟಿದ್ದಾರೆ" ಎಂದ. ಲೆಕ್ಕ ಹೀಗಿತ್ತು: ಎಂಟು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ. ತಿಂಗಳ ಕಂತು 16,607 ರೂಪಾಯಿ. ಐದು ವರ್ಷಕ್ಕೆ ಕಟ್ಟುವ ಒಟ್ಟು ಬಡ್ಡಿ ಸುಮಾರು 1 ಲಕ್ಷ 96 ಸಾವಿರ. ಅದೇ ಎಂಟು ಲಕ್ಷ ಶೇ 7ರ ಠೇವಣಿಯಲ್ಲಿ ಐದು ವರ್ಷ ಉಳಿದರೆ ಬರುವ ಬಡ್ಡಿ ಸುಮಾರು 3 ಲಕ್ಷ 31 ಸಾವಿರ. ಕೆಳಗೆ ಎರಡು ಗೆರೆ ಎಳೆದು "ಲಾಭ 1,35,000" ಎಂದು ಬರೆದಿದ್ದರು.

ಆ ಕಾಗದದ ಒಂದೊಂದು ಅಂಕಿಯೂ ಸರಿ. ನಾನೇ ಕೂತು ತಾಳೆ ನೋಡಿದೆ. ಆದರೂ ಅದು ಹೇಳುವ ಮಾತು ಸುಳ್ಳು. ಒಂಬತ್ತಕ್ಕೆ ಸಾಲ ತಂದು ಏಳಕ್ಕೆ ಇಟ್ಟವನಿಗೆ ಲಾಭವಾಗುವುದು ಸಾಧ್ಯವಿಲ್ಲ ಎಂಬುದು ಮನಸ್ಸಿಗೆ ಹೊಳೆಯುತ್ತದೆ, ಆದರೆ ತಪ್ಪು ಎಲ್ಲಿದೆ ಎಂಬುದು ಸುಲಭಕ್ಕೆ ಕಾಣುವುದಿಲ್ಲ. ತಪ್ಪು ಇರುವುದು ಕಾಗದದಲ್ಲಿ ಬರೆಯದೇ ಬಿಟ್ಟ ಜಾಗದಲ್ಲಿ. ತಿಂಗಳಿಗೆ 16,607 ರೂಪಾಯಿ ಕಂತು ಕಟ್ಟುವ ದುಡ್ಡು ಅವನ ಸಂಬಳದಿಂದ ಹೋಗಬೇಕು. ಠೇವಣಿ ಮುರಿಸಿ ಕಾರು ಕೊಂಡಿದ್ದರೆ ಆ ದುಡ್ಡು ತಿಂಗಳು ತಿಂಗಳೂ ಅವನ ಕೈಯಲ್ಲೇ ಉಳಿಯುತ್ತಿತ್ತು. ಅದನ್ನು ಶೇ 7ರ ಆರ್‌ಡಿಗೆ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ, ಹಾಕುತ್ತಾ ಹೋದರೆ ಐದು ವರ್ಷಕ್ಕೆ ಸುಮಾರು 11 ಲಕ್ಷ 87 ಸಾವಿರವಾಗುತ್ತದೆ. ಮುಟ್ಟದೆ ಬಿಟ್ಟ ಠೇವಣಿ ಬೆಳೆದು ಆಗುವುದು 11 ಲಕ್ಷ 31 ಸಾವಿರ. ಅಂದರೆ ಸಾಲ ಮಾಡಿದರೆ 56 ಸಾವಿರ ನಷ್ಟ. ಇದರ ಮೇಲೆ ಠೇವಣಿಯ ಬಡ್ಡಿಗೆ ಆದಾಯ ತೆರಿಗೆ ಇದೆ. ಸಂಬಳದಾರನು ಸ್ವಂತಕ್ಕೆ ಕೊಂಡ ಕಾರಿನ ಸಾಲದ ಬಡ್ಡಿಗೆ ತೆರಿಗೆಯಲ್ಲಿ ವಿನಾಯಿತಿ ಇಲ್ಲ.

ಸಾಲದ ಬಡ್ಡಿ ಕಡಿಮೆ ಕಾಣುವುದು ಅಸಲು ತಿಂಗಳು ತಿಂಗಳೂ ಕರಗುವುದರಿಂದ. ಠೇವಣಿಯ ಬಡ್ಡಿ ಹೆಚ್ಚು ಕಾಣುವುದು ಪೂರ್ತಿ ಮೊತ್ತ ಐದು ವರ್ಷವೂ ಕೂತಿರುವುದರಿಂದ. ಕರಗುವ ರಾಶಿಯನ್ನೂ ಬೆಳೆಯುವ ರಾಶಿಯನ್ನೂ ಅಕ್ಕಪಕ್ಕ ಇಟ್ಟು ತೂಗಿದ್ದಾರೆ, ಅಷ್ಟೇ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಓದಿದವರು, ಲೆಕ್ಕದ ಮೇಷ್ಟರುಗಳು ಕೂಡ ಈ ಕಾಗದ ಹಿಡಿದು ನನ್ನ ಬಳಿ ಬಂದಿದ್ದಾರೆ.

ಹಾಗಾದರೆ ಠೇವಣಿ ಮುರಿಸಿ ಪೂರ್ತಿ ಕೊಟ್ಟುಬಿಡು ಎಂದು ಹುಡುಗನಿಗೆ ಹೇಳಿದೆನೇ? ಇಲ್ಲ. "ಎಂಟು ಲಕ್ಷ ಹೋದ ಮೇಲೆ ಏನು ಉಳಿಯುತ್ತದೆ?" ಎಂದು ಕೇಳಿದೆ. ಉಳಿತಾಯ ಖಾತೆಯಲ್ಲಿ ನಲವತ್ತು ಸಾವಿರ ಎಂದ. ಭಾವನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಮಗಳನ್ನು ಶಾಲೆಗೆ ಸೇರಿಸುವ ವರ್ಷ ಬೇರೆ. ಅಂಥ ಮನೆಯಲ್ಲಿ ಕೈ ಬರಿದು ಮಾಡಿಕೊಂಡು ಕಾರು ತರುವುದು ತಪ್ಪು. ನಾಳೆ ಆಸ್ಪತ್ರೆಗೆ ಬೇಕಾದಾಗ ಸಿಗುವ ವೈಯಕ್ತಿಕ ಸಾಲದ ಬಡ್ಡಿ ಕಾರಿನ ಸಾಲದ ಬಡ್ಡಿಗಿಂತ ಬಹಳ ಹೆಚ್ಚು. ಕಾರು ಬಾಗಿಲಿಗೆ ಬಂದ ಮರುದಿನ ಆರು ತಿಂಗಳ ಮನೆಖರ್ಚು, ಅದರ ಜೊತೆಗೆ ಎದುರಿಗೇ ಕಾಣುತ್ತಿರುವ ದೊಡ್ಡ ಖರ್ಚು, ಇವೆರಡಕ್ಕೂ ಸಾಕಾಗುವಷ್ಟು ದುಡ್ಡು ಉಳಿದಿರಬೇಕು ಎಂಬುದು ನನ್ನ ಹಟ. ಅವನು ನಾಲ್ಕು ಲಕ್ಷ ಕೈಯಿಂದ ಹಾಕಿ ನಾಲ್ಕು ಲಕ್ಷಕ್ಕೆ ಮೂರು ವರ್ಷದ ಸಾಲ ಮಾಡಿದ. ಕಂತು 12,720; ಒಟ್ಟು ಬಡ್ಡಿ ಸುಮಾರು 58 ಸಾವಿರ. ಅದು ಲಾಭದ ಬಾಬತ್ತಲ್ಲ, ನೆಮ್ಮದಿಗೆ ಕೊಟ್ಟ ಬೆಲೆ ಎಂದು ತಿಳಿದೇ ಕೊಟ್ಟ. ಸಾಲ ಮಾಡುವುದಕ್ಕೆ ನಾನು ಒಪ್ಪುವ ಕಾರಣ ಇದೊಂದೇ.

ಪೂರ್ತಿ ದುಡ್ಡು ಕೊಟ್ಟು ಕೊಳ್ಳುವವರಿಗೂ ಒಂದು ಮಾತು ಇದೆ. ಮೇಲಿನ ಲೆಕ್ಕ ನಿಜವಾಗಬೇಕಾದರೆ ಉಳಿದ ಕಂತಿನ ದುಡ್ಡು ನಿಜಕ್ಕೂ ಆರ್‌ಡಿಗೆ ಹೋಗಬೇಕು. ಸಾಲ ಇಲ್ಲ ಎಂಬ ನಿರಾಳದಲ್ಲಿ ಅದು ಅಲ್ಲಿ ಇಲ್ಲಿ ಕರಗಿಹೋಗಿ, ಐದು ವರ್ಷದ ನಂತರ ಠೇವಣಿಯೂ ಇಲ್ಲದೆ, ಹಳೆಯ ಕಾರೊಂದೇ ಉಳಿದ ಮನೆಗಳನ್ನು ನಾನು ಕಂಡಿದ್ದೇನೆ. ಕಾರಿನ ಕೀಲಿ ಕೈಗೆ ಬಂದ ತಿಂಗಳೇ ಸಂಬಳದ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಬರೆದುಕೊಡಿ.

ಇನ್ನು "ನಗದು" ಎಂಬ ಮಾತು. ಒಮ್ಮೆ ಅಡಿಕೆ ಬೆಳೆಗಾರರೊಬ್ಬರು ನೋಟಿನ ಚೀಲ ಹಿಡಿದೇ ಶೋರೂಮಿಗೆ ಹೊರಟಿದ್ದರು. 2017ರ ಏಪ್ರಿಲ್ 1ರಿಂದ ಒಂದೇ ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಯಾರೂ ಪಡೆಯುವಂತಿಲ್ಲ. ದಿನಕ್ಕಿಷ್ಟು ಎಂದು ಬಿಡಿಬಿಡಿಯಾಗಿ ಕೊಟ್ಟರೂ ವ್ಯವಹಾರ ಒಂದೇ ಆದ್ದರಿಂದ ಅದು ನಡೆಯುವುದಿಲ್ಲ. ಪಡೆದವರಿಗೆ ಬೀಳುವ ದಂಡ ಪಡೆದ ಮೊತ್ತದಷ್ಟೇ. ಆದ್ದರಿಂದ ಪೂರ್ತಿ ದುಡ್ಡು ಕೊಡುವುದೆಂದರೆ ಈಗ ಡಿಡಿ ಅಥವಾ ಆರ್‌ಟಿಜಿಎಸ್ ಮೂಲಕ ಕೊಡುವುದು. ಕಾರಿನ ಬೆಲೆ ಹತ್ತು ಲಕ್ಷ ದಾಟಿದರೆ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ವಸೂಲು ಮಾಡುತ್ತಾರೆ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗುವ ದುಡ್ಡು, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಮರೆಯದೆ ತೋರಿಸಿ. ಸಾಲ ಮಾಡಿದರೂ ಮಾಡದಿದ್ದರೂ ಇದು ಇದ್ದದ್ದೇ.

ಶೋರೂಮಿಗೆ ಹೋದಾಗ ನಿಮ್ಮನ್ನು ಮೊದಲು ಕೇಳುವ ಪ್ರಶ್ನೆ "ಸಾರ್, ಲೋನಾ, ಕ್ಯಾಷಾ?" ಎಂಬುದು. ಅದಕ್ಕೆ ಉತ್ತರ ಕೊಡಬೇಡಿ. "ಇನ್ನೂ ತೀರ್ಮಾನಿಸಿಲ್ಲ, ಮೊದಲು ಆನ್ ರೋಡ್ ಬೆಲೆ ಬರೆದುಕೊಡಿ" ಎನ್ನಿ. ಆ ಹಾಳೆಯಲ್ಲಿ ಎಕ್ಸ್ ಶೋರೂಮ್ ಬೆಲೆ, ಜೀವಾವಧಿ ತೆರಿಗೆ, ವಿಮೆ, ಬಿಡಿಭಾಗಗಳು ಬೇರೆ ಬೇರೆ ಸಾಲಿನಲ್ಲಿ ಇರಬೇಕು. "ಹ್ಯಾಂಡ್ಲಿಂಗ್ ಚಾರ್ಜ್" ಎಂಬ ಸಾಲು ಕಂಡರೆ ತೆಗೆಸಿ, ಅದು ಸರ್ಕಾರದ ಯಾವ ಶುಲ್ಕವೂ ಅಲ್ಲ. ವಿಮೆಯನ್ನು ಅಲ್ಲಿಯೇ ಮಾಡಿಸಬೇಕೆಂಬ ಕಾನೂನೂ ಇಲ್ಲ. ಕಾರಿನ ಬೆಲೆ, ಹಳೆಯ ಕಾರಿಗೆ ಕೊಡುವ ಬೆಲೆ, ಸಾಲ, ಈ ಮೂರು ಬೇರೆ ಬೇರೆ ವ್ಯಾಪಾರ. ಮೂರನ್ನೂ ಕಲಸಿ "ತಿಂಗಳಿಗೆ ಇಷ್ಟೇ ಕಂತು" ಎಂದರೆ ಯಾವುದರಲ್ಲಿ ಎಷ್ಟು ಹೋಯಿತೆಂದು ನಿಮಗೆ ತಿಳಿಯುವುದೇ ಇಲ್ಲ.

ಅವರು ಸಾಲಕ್ಕೆ ಅಷ್ಟು ಒತ್ತಾಯ ಮಾಡುವುದೇಕೆಂದರೆ, ಸಾಲ ಕೊಡುವ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯಿಂದ ಡೀಲರಿಗೆ ಕಮಿಷನ್ ಬರುತ್ತದೆ. ಅದು ಅವರ ದುಡಿಮೆ, ತಪ್ಪೆನ್ನುವುದಿಲ್ಲ. ಆದರೆ ಅಲ್ಲಿ ಸಿಗುವ ಸಲಹೆ ಸಲಹೆಯಲ್ಲ, ಮಾರಾಟ ಎಂಬುದು ನೆನಪಿರಲಿ. ಭದ್ರಾವತಿಯ ಶಿಕ್ಷಕಿಯೊಬ್ಬರಿಗೆ ಒಂದು ಕಡೆ "ಬರೀ ಶೇ 5 ಬಡ್ಡಿ ಮೇಡಂ" ಎಂದಿದ್ದರು. ಅವರ ಸಂಬಳ ಬರುವ ಬ್ಯಾಂಕು ಹೇಳಿದ್ದು ಶೇ 9. ಅವರು ಸಂತೋಷದಿಂದ ಐದಕ್ಕೆ ಒಪ್ಪುವವರಿದ್ದರು. ಹಾಳೆ ತರಿಸಿ ನೋಡಿದರೆ ಅದು ಫ್ಲ್ಯಾಟ್ ದರ. ಎಂಟು ಲಕ್ಷಕ್ಕೆ ಶೇ 5ರಂತೆ ಐದು ವರ್ಷಕ್ಕೆ ಎರಡು ಲಕ್ಷ ಬಡ್ಡಿ ಕೂಡಿಸಿ, ಅರವತ್ತರಿಂದ ಭಾಗಿಸಿದ್ದರು. ಕಂತು 16,667. ಶೇ 9ರ ಸಾಲದ ಕಂತಿಗಿಂತ ಅರವತ್ತು ರೂಪಾಯಿ ಹೆಚ್ಚು! ತೀರಿದ ಅಸಲಿಗೂ ಬಡ್ಡಿ ಹಾಕುವ ಈ ಲೆಕ್ಕದ ನಿಜವಾದ ದರ ಶೇ 9.15ರಷ್ಟಾಗುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಎಲ್ಲ ಸಾಲಗಳಿಗೂ, ಶುಲ್ಕಗಳನ್ನೂ ಸೇರಿಸಿ ವಾರ್ಷಿಕ ದರ ಎಷ್ಟಾಗುತ್ತದೆ ಎಂದು ತೋರಿಸುವ ಮುಖ್ಯಾಂಶಗಳ ಹಾಳೆಯನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಆ ಹಾಳೆಗೆ ಕೆಎಫ್‌ಎಸ್ ಎನ್ನುತ್ತಾರೆ, ಅದನ್ನು ಕೇಳಿ ಪಡೆಯಿರಿ, ಅದರಲ್ಲಿ ಎಪಿಆರ್ ಎಂದು ಬರೆದ ಆ ವಾರ್ಷಿಕ ದರದ ಅಂಕಿಯೊಂದನ್ನೇ ಇನ್ನೊಂದು ಬ್ಯಾಂಕಿನ ಎಪಿಆರ್ ಜೊತೆ ಹೋಲಿಸಿ.

ಡೀಲರ್ ಕೊಡಿಸುವ ಸಾಲವೇ ಒಳ್ಳೆಯದಾಗುವ ಸಂದರ್ಭಗಳೂ ಉಂಟು. ಡಿಸೆಂಬರಿನಲ್ಲಿ ಆ ವರ್ಷ ತಯಾರಾದ ಕಾರುಗಳನ್ನು ಖಾಲಿ ಮಾಡುವಾಗ ತಯಾರಕರೇ ಬಡ್ಡಿಯ ಒಂದಿಷ್ಟು ಭಾರ ಹೊರುವುದುಂಟು. ಆಗ ಸಾಮಾನ್ಯವಾಗಿ "ಕಡಿಮೆ ಬಡ್ಡಿ ಬೇಕೋ, ರಿಯಾಯಿತಿ ಬೇಕೋ" ಎಂದು ಕೇಳುತ್ತಾರೆ. ಎಂಟು ಲಕ್ಷಕ್ಕೆ ಮೂರು ವರ್ಷದ ಸಾಲ, ದರ ಶೇ 6 ಎಂದರೆ ಕಂತು 24,338. ಅದರ ಬದಲು ನಲವತ್ತು ಸಾವಿರ ರಿಯಾಯಿತಿ ಪಡೆದು, ಉಳಿದ 7 ಲಕ್ಷ 60 ಸಾವಿರಕ್ಕೆ ನಿಮ್ಮ ಬ್ಯಾಂಕಿನಲ್ಲಿ ಶೇ 9ಕ್ಕೆ ಸಾಲ ಮಾಡಿದರೆ ಕಂತು 24,168. ಬಡ್ಡಿ ಮೂರು ಅಂಶ ಹೆಚ್ಚಿದ್ದರೂ ಕಂತು ಕಡಿಮೆ. ರಿಯಾಯಿತಿ ಇಪ್ಪತ್ತು ಸಾವಿರವಾಗಿದ್ದರೆ ಲೆಕ್ಕ ತಿರುಗಿಬೀಳುತ್ತಿತ್ತು. ಹಾಗಾಗಿ ಎರಡೂ ಕಂತುಗಳನ್ನು ಬರೆದು ನೋಡದೆ ಹೂಂ ಎನ್ನಬೇಡಿ.

"ಅವರಲ್ಲೇ ಸಾಲ ಮಾಡಿದರೆ ಸಿಗುವ ರಿಯಾಯಿತಿಗಾಗಿ ಸಾಲ ತೆಗೆದುಕೊಂಡು ಮರುತಿಂಗಳೇ ಚುಕ್ತಾ ಮಾಡಿಬಿಡುತ್ತೇನೆ" ಎನ್ನುವವರು ಒಪ್ಪಂದದ ಸಣ್ಣ ಅಕ್ಷರ ಓದಿರಬೇಕು. ಕಾರಿನ ಸಾಲಗಳಲ್ಲಿ ಬಹಳಷ್ಟು ಸ್ಥಿರ ದರದವು. ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಇರುತ್ತದೆ, ಮೊದಲ ಕೆಲವು ತಿಂಗಳು ತೀರಿಸಲು ಬಿಡದ ಷರತ್ತೂ ಇರಬಹುದು. ಬಾಕಿಯ ಮೇಲೆ ಶೇ 5 ಎಂದು ಬರೆದಿದ್ದರೆ ಏಳು ಲಕ್ಷಕ್ಕೆ 35 ಸಾವಿರ, ಅದರ ಮೇಲೆ ಜಿಎಸ್‌ಟಿ. ಪಡೆದ ರಿಯಾಯಿತಿ ಅಲ್ಲಿಗೇ ಹೋಯಿತು.

ಅವಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದೇ ಎಂಟು ಲಕ್ಷವನ್ನು ಐದರ ಬದಲು ಏಳು ವರ್ಷಕ್ಕೆ ಎಳೆದರೆ ಕಂತು ಇಳಿಯುವುದು 3,700 ರೂಪಾಯಿಯಷ್ಟು, ಬಡ್ಡಿ ಏರುವುದು 85 ಸಾವಿರದಷ್ಟು. ಏಳು ವರ್ಷವಿಲ್ಲದೆ ಕಂತು ಹೊಂದುವುದಿಲ್ಲ ಎಂದಾದರೆ ಕಾರು ದೊಡ್ಡದಾಯಿತು ಎಂದೇ ಅರ್ಥ.

ನೋಟಿನ ಚೀಲದ ಬೆಳೆಗಾರರ ವಿಷಯ ಮುಗಿದಿಲ್ಲ. ಮಲೆನಾಡಿನವರಿಗೆ ಮುಖ್ಯವಾದ್ದರಿಂದ ಹೇಳಲೇಬೇಕು. ಅಡಿಕೆಯವರಿಗೆ ದುಡ್ಡು ಬರುವುದು ಕೊಯ್ಲಿನ ಮೇಲೆ, ವರ್ಷಕ್ಕೆ ಒಂದೆರಡು ಸಲ. ತಿಂಗಳ ಕಂತು ಅವರ ಬದುಕಿಗೆ ಹೊಲಿದ ಅಂಗಿಯಲ್ಲ. ಕಂತಿನ ದಿನ ಬಂತೆಂದು ದರ ಬಿದ್ದಿರುವಾಗಲೇ ರಾಶಿ ಅಡಿಕೆ ಮಾರಿದರೆ ಆಗುವ ನಷ್ಟದ ಮುಂದೆ ಬಡ್ಡಿ ಏನೇನೂ ಅಲ್ಲ. ಅಂಥವರು ಸಾಲ ಮಾಡುವುದಾದರೆ ಅರ್ಧವಾರ್ಷಿಕ ಕಂತು ಕೊಡುವ ಬ್ಯಾಂಕನ್ನು ಹುಡುಕಬೇಕು. ಶೋರೂಮಿನ ಮೇಜಿನಲ್ಲಿ ಅದರ ಮಾತು ಬರುವುದೇ ಇಲ್ಲ. ಪೂರ್ತಿ ದುಡ್ಡು ಕೊಡುವುದಾದರೆ ಮಳೆಗಾಲಕ್ಕೆ ಮುಂಚೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವ ಖರ್ಚು, ಗೊಬ್ಬರ, ಆಳಿನ ಕೂಲಿ ಎಲ್ಲವನ್ನೂ ತೆಗೆದಿಟ್ಟು ಉಳಿದದ್ದರಲ್ಲಿ ಕೊಡಬೇಕು. ಕೊಳೆರೋಗ ಬಂದ ವರ್ಷ ಕಾರು ಮಾರಿ ತೋಟ ಉಳಿಸಿಕೊಳ್ಳಲು ಆಗುವುದಿಲ್ಲ. ಅವರು ನನ್ನ ಮಾತು ಕೇಳಿ ಒಂದು ಕೊಯ್ಲು ತಡೆದು, ಮರುವರ್ಷ ಡಿಡಿ ಕೊಟ್ಟು ಕಾರು ತಂದರು.

ಠೇವಣಿ ಇದೆ, ಆದರೆ ಅದರ ಅವಧಿ ಮುಗಿಯಲು ಏಳೆಂಟು ತಿಂಗಳಷ್ಟೇ ಬಾಕಿ ಎನ್ನುವವರಿಗೆ ಠೇವಣಿಯ ಮೇಲಿನ ಸಾಲ ಚೆನ್ನಾಗಿ ಒಪ್ಪುತ್ತದೆ. ಬಡ್ಡಿ ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಒಂದೆರಡು ಅಂಶ ಹೆಚ್ಚು, ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಸೇರುವುದಿಲ್ಲ.

ಆ ಹೆಸರಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಾರಿನ ಸಾಲ ಮಾಡಿದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಹೈಪೋಥಿಕೇಶನ್ ಎಂದು, ಅಂದರೆ ಕಾರು ಸಾಲಕ್ಕೆ ಒತ್ತೆ ಇದೆ ಎಂದು, ದಾಖಲಾಗುತ್ತದೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಅದು ತಾನಾಗಿ ಅಳಿಯುತ್ತದೆ ಎಂದುಕೊಂಡು ಜನ ಸುಮ್ಮನಿದ್ದುಬಿಡುತ್ತಾರೆ. ಕಾರು ಮಾರುವ ದಿನ ಬಂದಾಗ ಆ ಬ್ಯಾಂಕೇ ಇರುವುದಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಸಾಲವಿದ್ದ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಹೆಸರಿನ ಆರ್‌ಸಿ ಹಿಡಿದು ಹೊಸ ಶಾಖೆಯಲ್ಲಿ ಕಡತ ಹುಡುಕಿಸಲು ಓಡಾಡಿದವರನ್ನು ನಾನು ಬಲ್ಲೆ. ಕೊನೆಯ ಕಂತು ಕಟ್ಟಿದ ವಾರವೇ ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆ ಹೆಸರು ತೆಗೆಯಲು ಬೇಕಾದ, ಸಹಿ ಮಾಡಿದ ನಮೂನೆ 35 ಪಡೆದು ಆರ್‌ಟಿಒ ಕಚೇರಿಗೆ ಕೊಡಿ, ಹೆಸರು ತೆಗೆದ ಹೊಸ ಆರ್‌ಸಿ ಬಂದ ಮೇಲೆ ವಿಮೆಯ ಪಾಲಿಸಿಯಿಂದಲೂ ಅದನ್ನು ತೆಗೆಸಿ.