ಆ ಪುಡಿ ಹಾಕಿದರೆ ನೀರು ಕುಡಿಯಲು ಬರುವುದಿಲ್ಲ

ಬಳ್ಳಾರಿಯಲ್ಲಿ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ನೀನು ಮಾಡೋ ಬೆಳ್ಳಿ ಪುಡಿ ಒಂದು ಚಮಚ ಹಾಕಿದ್ರ ಬೋರಿನ ನೀರು ಕುಡಿಯಾಕ ಬರ್ತದೇನವ್ವ?" ಬರುವುದಿಲ್ಲ. ಇನ್ನು ಮೇಲೆ ಕೇಳಿದವರಿಗೆ ಈ ಬರಹವನ್ನೇ ಓದಲು ಕೊಡುತ್ತೇನೆ.

ನಾನು ತಯಾರಿಸುವುದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಮೇಲೆ ಕೂರಿಸಿದ ಬೆಳ್ಳಿಯ ನ್ಯಾನೊಕಣಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳನ್ನು. ಅವು ಬಟ್ಟೆಬಣ್ಣದ ಕೊಳೆನೀರಿಗೆಂದು ಮಾಡಿದ ವೇಗವರ್ಧಕಗಳು, ಅಂದರೆ ತಾವು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವಂಥವು; ಕೊಳೆಯನ್ನು ತಾವು ನುಂಗುವುದಿಲ್ಲ, ಸೋಡಿಯಂ ಬೋರೋಹೈಡ್ರೈಡ್ ಎಂಬ ರಾಸಾಯನಿಕ ಕೊಡುವ ಎಲೆಕ್ಟ್ರಾನುಗಳನ್ನು ಬಣ್ಣದ ಅಣುವಿಗೆ ದಾಟಿಸುತ್ತವೆ. ಕೆಲಸ ಮುಗಿದ ಮೇಲೆ ಪಾತ್ರೆಯ ಪಕ್ಕದಲ್ಲಿ ಅಯಸ್ಕಾಂತ ಹಿಡಿದರೆ ಕಣಗಳೆಲ್ಲ ಆ ಬದಿಗೆ ಬಂದು ಅಂಟುತ್ತವೆ, ತೊಳೆದು ಮತ್ತೆ ಬಳಸಬಹುದು. ಆದರೆ ರಾಯಚೂರು, ಕೊಪ್ಪಳದ ಕಡೆ ಬೋರಿನ ನೀರಿನಲ್ಲಿರುವ ಫ್ಲೋರೈಡಿನಲ್ಲಿ ಒಡೆಯುವುದಕ್ಕೆ ಏನೂ ಇಲ್ಲ, ಅದು ಒಂದೇ ಮೂಲವಸ್ತುವಿನ ಅಯಾನು, ಅಂದರೆ ವಿದ್ಯುದಾವೇಶವಿರುವ ಒಂದೇ ಪರಮಾಣು. ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ಹೀರಿ ಅಥವಾ ಸೋಸಿ ತೆಗೆಯಬೇಕೇ ಹೊರತು ನನ್ನ ಪುಡಿಯಿಂದ ಪ್ರಯೋಜನವಿಲ್ಲ.

ನಮ್ಮ ಸೋದರಮಾವ ಜೀನ್ಸ್ ವಾಷಿಂಗ್ ಯೂನಿಟ್ ನಡೆಸುತ್ತಾರೆ. ಒಮ್ಮೆ ಅವರ ಮುಂದೆ ಮೆಥಿಲೀನ್ ನೀಲಿ ಎಂಬ ಬಣ್ಣದ ದ್ರಾವಣಕ್ಕೆ ಬೋರೋಹೈಡ್ರೈಡನ್ನೂ ನನ್ನ ಕಣಗಳನ್ನೂ ಹಾಕಿದೆ; ನೋಡನೋಡುತ್ತಿದ್ದಂತೆ ನೀಲಿ ಮಾಯವಾಯಿತು, ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಕಣಗಳನ್ನು ತೆಗೆದು ಮುಚ್ಚಳವಿಲ್ಲದೆ ಇಟ್ಟಿದ್ದ ಆ ಬಾಟಲಿಯಲ್ಲಿ ಮರುದಿನ ನೀಲಿ ಮರಳಿತ್ತು. ಉಳಿದವರು ಪ್ರಯೋಗ ಕೆಟ್ಟಿತೆಂದರು. ಮಾವ ಮಾತ್ರ, "ಹಂಗಾದ್ರ ರಾತ್ರಿಯೆಲ್ಲಾ ಅದು ಎಲ್ಲಿತ್ತು?" ಎಂದು ಕೇಳಿದರು.

ಇಷ್ಟು ವರ್ಷ ನಾನು ಕಾಯುತ್ತಿದ್ದುದು ಆ ಪ್ರಶ್ನೆಗೆ. ಬಣ್ಣ ಎಲ್ಲಿಗೂ ಹೋಗಿರಲಿಲ್ಲ, ಎಲೆಕ್ಟ್ರಾನು ಪಡೆದು ಬಣ್ಣವಿಲ್ಲದ ರೂಪದಲ್ಲಿ ನೀರಿನಲ್ಲಿಯೇ ಇತ್ತು. ಗಾಳಿಯ ಆಮ್ಲಜನಕ ಅದನ್ನು ಮತ್ತೆ ನೀಲಿ ಮಾಡಿತು. ಜೀನ್ಸ್ ನೂಲಿಗೆ ನೀಲಿ ಹಾಕುವ ಇಂಡಿಗೋ ತೊಟ್ಟಿಯಲ್ಲಿ ಹಳದಿ ಛಾಯೆಯಲ್ಲಿರುವ ನೂಲು ಮೇಲೆತ್ತಿದಾಗ ನೀಲಿಯಾಗುವುದನ್ನು ಕಂಡಿದ್ದ ಮಾವನಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಅಜೋ ಬಣ್ಣಗಳಾದರೆ ಇನ್ನೂ ಕಷ್ಟ: ಎರಡು ನೈಟ್ರೋಜನ್ ಪರಮಾಣುಗಳ ನಡುವಿನ ಬಂಧ ಕಡಿದಾಗ ಬಣ್ಣ ತಿರುಗಿ ಬರುವುದಿಲ್ಲ ನಿಜ, ಆದರೆ ಹುಟ್ಟುವ ಆರೊಮ್ಯಾಟಿಕ್ ಅಮೈನುಗಳಲ್ಲಿ (ಬೆಂಜೀನಿನಂಥ ಉಂಗುರಕ್ಕೆ ನೈಟ್ರೋಜನ್ ಅಂಟಿದ ಅಣುಗಳಲ್ಲಿ) ಕೆಲವು ಕ್ಯಾನ್ಸರಿಗೆ ಕಾರಣವಾಗುವಂಥವು. ಕಣಗಳನ್ನು ಎಷ್ಟು ಸಲ ಬಳಸಿದಿರಿ ಎಂದು ಕೇಳುವವರು ಪ್ರತಿ ಸಲ ಎಷ್ಟು ಬೆಳ್ಳಿ ನೀರಿಗೆ ಬಿಟ್ಟಿತೆಂದೂ ಕೇಳಬೇಕು. ತಿಳಿನೀರು ಕಂಡೊಡನೆ ಶುದ್ಧವೆನ್ನುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ, ಏಕೆಂದರೆ ಆ ನೀರು ಹರಿದು ಸೇರುವುದು ಯಾರದೋ ಹೊಲಕ್ಕೆ.

"ಹಂಗಾದ್ರ ಅದಕ್ಕೇನು ಮಾಡ್ತಿ?" ಎಂದರು ಮಾವ. ಉಳಿದ ಬೋರೋಹೈಡ್ರೈಡನ್ನು ಆಮ್ಲ ಹಾಕಿ ಮುಗಿಸಿ, ಬಳಿಕ ಹೈಡ್ರೋಜನ್ ಪೆರಾಕ್ಸೈಡು ಮತ್ತು ಕಬ್ಬಿಣದ ಲವಣದಿಂದ ಅಮೈನುಗಳನ್ನು ಉತ್ಕರ್ಷಿಸಿ ಒಡೆಯುವ ಎರಡನೆಯ ಹಂತದ ಮೇಲೆ ಈಗ ಕೆಲಸ ಮಾಡುತ್ತಿದ್ದೇನೆ. ಆಮ್ಲವೂ ಪೆರಾಕ್ಸೈಡೂ ಸೇರಿದರೆ ಬೆಳ್ಳಿಯೇ ಕರಗುವುದರಿಂದ, ಆ ಹಂತಕ್ಕೆ ಮೊದಲೇ ಅಯಸ್ಕಾಂತ ಹಿಡಿದು ಕಣಗಳನ್ನೆಲ್ಲ ಹೊರಗೆ ತೆಗೆಯುತ್ತೇನೆ.